ಮೆಟಾಲಿಕ್ ವ್ಯಾಕ್ಸ್: ಮಾಡೆಲ್ ಮೇಲೆ ಉಕ್ಕು, ಹಿತ್ತಾಳೆ, ಕಂಚು ಬರಿಸುವ ಬಗೆ

ಸ್ಕೇಲ್ ಮಾಡೆಲ್, ಅಂದರೆ ಯೋಧ, ಟ್ಯಾಂಕ್, ವಿಮಾನಗಳ ಅಳತೆಗೆ ತಕ್ಕ ಪುಟ್ಟ ಪ್ರತಿರೂಪ ಕಟ್ಟುವವರಿಗೆ ಬೆಳ್ಳಿ ಬಣ್ಣ ಯಾವತ್ತೂ ಒಂದು ತಲೆನೋವು. ಆಕ್ರಿಲಿಕ್ ಸಿಲ್ವರ್ ಬಳಿದರೆ ಹೊಳೆಯುವುದೇನೋ ಹೊಳೆಯುತ್ತದೆ. ಆದರೆ ನೋಡಿದವರಿಗೆ ಕಬ್ಬಿಣ ಅನ್ನಿಸುವುದಿಲ್ಲ, ಮಿಂಚು ಪುಡಿ ಕಲಸಿದ ಬೂದು ಬಣ್ಣ ಅನ್ನಿಸುತ್ತದೆ. ಸ್ಕೇಲ್ ಚಿಕ್ಕದಾದಷ್ಟೂ ಆ ಮಿಂಚಿನ ಕಣಗಳು ದೊಡ್ಡದಾಗಿ ಕಾಣುತ್ತವೆ. 75 ಮಿ.ಮೀ. ಎತ್ತರದ ಯೋಧನ ಎದೆಕವಚದ ಮೇಲೆ ಕಣ್ಣಿಗೆ ಬೀಳುವಂಥ ಕಣ ಇದ್ದರೆ, ನಿಜದಲ್ಲಿ ಅದು ಎಳ್ಳುಕಾಳಿನಷ್ಟು ದೊಡ್ಡದು ಎಂದಾಯಿತು.

ಈ ತೊಂದರೆಗೆ ಒಂದು ಒಳ್ಳೆಯ ದಾರಿ ಮೆಟಾಲಿಕ್ ವ್ಯಾಕ್ಸ್. ಇದು ಡಬ್ಬಿಯ ಬಣ್ಣವಲ್ಲ, ಟ್ಯೂಬಿನಲ್ಲಿ ಬರುವ ಗಟ್ಟಿ ಪೇಸ್ಟ್. ಮೇಣ, ತುಂಬಾ ನುಣ್ಣಗಿನ ಲೋಹದ ಪುಡಿ, ಸ್ವಲ್ಪ ಪಿಗ್ಮೆಂಟ್ (ಬಣ್ಣದ ಪುಡಿ), ಜೊತೆಗೆ ಬೇಗ ಆರುವ ಒಂದು ದ್ರಾವಕ, ಇಷ್ಟೇ ಸಾಮಾನು. ಹಚ್ಚಿದ ಮೇಲೆ ದ್ರಾವಕ ಹಾರಿಹೋಗುತ್ತದೆ, ಮೇಣ ಗಟ್ಟಿಯಾಗುತ್ತದೆ. ಆಮೇಲೆ ಬಟ್ಟೆಯಿಂದ ಉಜ್ಜಿದಾಗ ಅಡ್ಡಾದಿಡ್ಡಿ ನಿಂತಿದ್ದ ಲೋಹದ ಕಣಗಳು ಮಲಗಿ ಒಂದೇ ಸಮತಲಕ್ಕೆ ಬರುತ್ತವೆ. ಹೊಳಪು ಹುಟ್ಟುವುದು ಅಲ್ಲಿ. ಬೂಟಿಗೆ ಪಾಲಿಶ್ ಹಾಕುವ ಕೆಲಸವೇ ಇದು: ಸ್ವಲ್ಪ ಹಚ್ಚು, ಕಾಯಿ, ಉಜ್ಜು. ಜಾಸ್ತಿ ಬಳಿದರೆ ಜಾಸ್ತಿ ಹೊಳೆಯುತ್ತದೆ ಅಂದುಕೊಂಡವರ ಮಾಡೆಲ್ ಅಂಟಂಟಾಗುತ್ತದೆ, ಅಷ್ಟೇ.

ಯಾವುದನ್ನು ಕೊಳ್ಳಬೇಕು

ಮಾಡೆಲ್ ಮಾಡುವವರಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎರಡು. ಒಂದು, ಸ್ಪೇನಿನ ಎಕೆ ಇಂಟರಾಕ್ಟಿವ್ ಕಂಪನಿಯ ಟ್ರೂ ಮೆಟಲ್, 20 ಮಿ.ಲೀ. ಟ್ಯೂಬ್. ಇದನ್ನು ಮಾಡೆಲ್‌ಗೆಂದೇ ಮಾಡಿದ್ದಾರೆ. ಪುಡಿ ಬಹಳ ನುಣ್ಣಗಿರುತ್ತದೆ. ಇನ್ನೊಂದು ಅಮೆರಿಕದ ರಬ್ ಎನ್ ಬಫ್, 15 ಮಿ.ಲೀ. ಟ್ಯೂಬ್. ಇದು ಫೋಟೋ ಫ್ರೇಮು, ಮೇಜು, ಕುರ್ಚಿಗಳ ಅಲಂಕಾರಕ್ಕೆ ಬಂದದ್ದು, ಮಾಡೆಲ್‌ನವರು ಅದನ್ನು ಎತ್ತಿಕೊಂಡರು. ಅದರ ಸಿಲ್ವರ್ ಲೀಫ್ ಛಾಯೆ ತುಂಬಾ ಬೆಳ್ಳಗೆ ಹೊಳೆಯುತ್ತದೆ, ಉಕ್ಕಿಗೆ ನೇರವಾಗಿ ಬಳಸಿದರೆ ಕಣ್ಣು ಕುಕ್ಕುತ್ತದೆ. ಪ್ಯೂಟರ್ (ಮಂಕು ಬೂದು) ಛಾಯೆ ಇದಕ್ಕಿಂತ ಒಳ್ಳೆಯದು.

ಕ್ರಾಫ್ಟ್ ಅಂಗಡಿಗಳಲ್ಲಿ ಪುಟ್ಟ ಡಬ್ಬಿಯಲ್ಲಿ ಗಿಲ್ಡಿಂಗ್ ವ್ಯಾಕ್ಸ್ ಅಂತ ಸಿಗುತ್ತದಲ್ಲ, ಅದೂ ಇದೇ ಜಾತಿ. ಆದರೆ ಲೇಬಲ್ ಓದಿ. ಕೆಲವು ನೀರಿನಲ್ಲಿ ತೊಳೆದರೆ ಹೋಗುತ್ತವೆ. ಅವುಗಳಲ್ಲಿ ಹಲವಕ್ಕೆ ಮಿಂಚು ಕೊಡುವುದು ಲೋಹವಲ್ಲ, ಅಭ್ರಕದ ಪುಡಿ. ವಿಗ್ರಹ, ಬಸ್ಟ್‌ಗಳಿಗೆ (ಎದೆಮಟ್ಟದ ಪ್ರತಿಮೆ) ಪರವಾಗಿಲ್ಲ, ಕವಚಕ್ಕೆ ಬೇಡ.

ಮೊದಲಿಗೆ ಎಲ್ಲ ಛಾಯೆ ಕೊಳ್ಳಬೇಡಿ. ಗನ್‌ಮೆಟಲ್ (ಕಪ್ಪು ಬೆರೆತ ಬೂದು ಲೋಹದ ಛಾಯೆ), ಸ್ಟೀಲ್, ಹಳೆ ಕಂಚು, ಈ ಮೂರು ಸಾಕು. ಇವು ಒಂದರೊಡನೊಂದು ಚೆನ್ನಾಗಿ ಬೆರೆಯುತ್ತವೆ. ಆರ್ಟಿಸ್ಟ್ ಆಯಿಲ್ ಬಣ್ಣವನ್ನು ಸಾಸಿವೆಯಷ್ಟು ಸೇರಿಸಿ ಛಾಯೆ ತಿರುಗಿಸಲೂಬಹುದು. ಸ್ಟೀಲ್‌ಗೆ ಸ್ವಲ್ಪ ಬರ್ನ್ಟ್ ಅಂಬರ್ (ಗಾಢ ಕಂದು) ಬಿದ್ದರೆ ಹಳೆಯ ಕಬ್ಬಿಣ, ಚೂರು ನೀಲಿ ಬಿದ್ದರೆ ತಣ್ಣನೆಯ ಉಕ್ಕು. ಆಯಿಲ್ ಸೇರಿಸಿದಷ್ಟೂ ಆರಲು ತಡವಾಗುತ್ತದೆ, ಹೊಳಪೂ ಇಳಿಯುತ್ತದೆ.

ಇದರ ಜೊತೆ ಬೇಕಾಗುವುದು: ವೈಟ್ ಸ್ಪಿರಿಟ್, ಸವೆದ ಸಿಂಥೆಟಿಕ್ ಬ್ರಶ್ಶುಗಳು, ಕಾಟನ್ ಬಡ್ಸ್, ಹಳೆ ಬನಿಯನ್ ಬಟ್ಟೆ, ಪ್ಯಾಲೆಟ್‌ಗೆ ಒಂದು ತುಂಡು ಟೈಲ್ಸ್. ಪ್ರಾಣಿಯ ಕೂದಲಿನ ಒಳ್ಳೆಯ ಸೇಬಲ್ ಬ್ರಶ್ಶನ್ನು ಇದರ ಹತ್ತಿರವೂ ತರಬೇಡಿ. ಮೇಣ ಬುಡಕ್ಕೆ ಹೋಗಿ ಕೂತರೆ ಅದರ ತುದಿ ಮತ್ತೆ ಕೂಡುವುದಿಲ್ಲ. ವೈಟ್ ಸ್ಪಿರಿಟ್ ಸಿಗದಿದ್ದರೆ ಆಯಿಲ್ ಪೇಂಟಿಂಗ್‌ಗೆ ಮಾರುವ ವಾಸನೆ ಕಡಿಮೆ ಇರುವ ಥಿನ್ನರ್ ತೆಗೆದುಕೊಳ್ಳಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಬರೀ 'ಥಿನ್ನರ್ ಕೊಡಿ' ಅಂದರೆ ಎನ್‌ಸಿ ಥಿನ್ನರ್ ಕೈಗಿಡುತ್ತಾರೆ. ಅದು ಮಾಡೆಲ್‌ನ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. 'ಟರ್ಪೆಂಟೈನ್' ಎಂದು ಹೆಸರು ಹೇಳಿ ಕೇಳಿ, ಅದನ್ನೂ ಮೊದಲು ಬೇಡದ ಪ್ಲಾಸ್ಟಿಕ್ ತುಂಡಿನ ಮೇಲೆ ಹಚ್ಚಿ ನೋಡಿ.

ತಳ ಸರಿ ಇದ್ದರೆ ಮುಕ್ಕಾಲು ಕೆಲಸ ಮುಗಿದಂತೆ

ವ್ಯಾಕ್ಸ್ ಪದರ ತುಂಬಾ ತೆಳು. ಅದು ಏನನ್ನೂ ಮುಚ್ಚುವುದಿಲ್ಲ. ಕೆಳಗೆ ಫೈಲ್ ಎಳೆದ ಗೆರೆ ಇದ್ದರೆ ಹೊಳಪಿನಲ್ಲಿ ಅದು ಎರಡರಷ್ಟು ಎದ್ದು ಕಾಣುತ್ತದೆ. ಅಚ್ಚಿನ ಗೆರೆಗಳನ್ನು ತೆಗೆದ ಮೇಲೆ 1000, ಆಮೇಲೆ 2000 ನಂಬರಿನ ಎಮರಿ ಪೇಪರ್‌ನಿಂದ ನೀರು ಹಾಕಿ ತಿಕ್ಕಿ. ರೆಸಿನ್ ಮಾಡೆಲ್ ಆದರೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಮೊದಲೇ ತೊಳೆದುಬಿಡಿ, ಅಚ್ಚಿನ ಎಣ್ಣೆ ಉಳಿದಿರುತ್ತದೆ. ತ್ರೀಡಿ ಪ್ರಿಂಟ್ ಆದರೆ ಪದರದ ಗೆರೆಗಳು ಸುಮ್ನೆ ಬಿಡುವುದಿಲ್ಲ. ಅವು ಬೆರಳಿಗೆ ಸಿಗದಷ್ಟು ನಯವಾಗಬೇಕು.

ಇನ್ನು ಪ್ರೈಮರ್, ಅಂದರೆ ಬಣ್ಣ ಹಿಡಿಯಲೆಂದು ಮೊದಲು ಕೊಡುವ ಪದರ. ವ್ಯಾಕ್ಸ್‌ನ ಕೆಳಗೆ ಎನಾಮೆಲ್ ಬಣ್ಣ ಇರಕೂಡದು. ವ್ಯಾಕ್ಸ್ ಒಳಗಿನ ದ್ರಾವಕವೇ ಎನಾಮೆಲ್ಲನ್ನೂ ಕರಗಿಸುತ್ತದೆ, ಉಜ್ಜುವಾಗ ಎರಡೂ ಸೇರಿ ಕೆಸರಾಗುತ್ತವೆ. ಮಿಸ್ಟರ್ ಸರ್ಫೇಸರ್ 1500 ಕಪ್ಪು, ವ್ಯಾಯೆಹೊ ಸರ್ಫೇಸ್ ಪ್ರೈಮರ್, ಇಂಥ ಲ್ಯಾಕರ್ ಅಥವಾ ಆಕ್ರಿಲಿಕ್ ಪ್ರೈಮರ್ ಹಾಕಿ. ಕಾರಿನ ಟಚಪ್ ಸ್ಪ್ರೇ ಕೂಡ ನಡೆಯುತ್ತದೆ, ದೂರದಿಂದ ತೆಳ್ಳಗೆ ಎರಡು ಮೂರು ಸುತ್ತು ಹೊಡೆಯಬೇಕು. ಮಳೆಗಾಲದಲ್ಲಿ ಮಂಗಳೂರು, ಕಾರವಾರದ ಕಡೆಯವರು ಸ್ಪ್ರೇ ಮಾಡುವ ದಿನ ನೋಡಿಕೊಳ್ಳಿ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಲ್ಯಾಕರ್ ಬೆಳ್ಳಗೆ ಮಂಜು ಹಿಡಿಯುತ್ತದೆ.

ಪ್ರೈಮರ್ ಮೇಲೆ ತಳದ ಬಣ್ಣ. ಕೊನೆಗೆ ಲೋಹ ಹೇಗೆ ಕಾಣಬೇಕು ಎಂಬುದು ಇಲ್ಲಿಯೇ ತೀರ್ಮಾನ. ಕನ್ನಡಿಯಂತೆ ಹೊಳೆಯಬೇಕಾದ ಉಕ್ಕಿಗೆ ಗ್ಲಾಸ್ (ಹೊಳಪಿನ) ಕಪ್ಪು. ತಮಿಯಾದ ಆಕ್ರಿಲಿಕ್ ಎಕ್ಸ್-1 ಇದಕ್ಕೆ ಹೇಳಿ ಮಾಡಿಸಿದ್ದು. ಎರಕದ ಕಬ್ಬಿಣದ ಒರಟು ಬೇಕಾದರೆ ಮ್ಯಾಟ್ (ಹೊಳಪಿಲ್ಲದ) ಕಪ್ಪು. ಮ್ಯಾಟ್ ತಳ ವ್ಯಾಕ್ಸನ್ನು ಹೆಚ್ಚು ಹಿಡಿದುಕೊಳ್ಳುತ್ತದೆ, ಹೊಳಪು ಮಾತ್ರ ಮಂಕು. ಹಿತ್ತಾಳೆ, ಚಿನ್ನ, ತಾಮ್ರಕ್ಕೆ ಕಪ್ಪಿಗಿಂತ ಗಾಢ ಕಂದು ಮೇಲು. ಕಪ್ಪಿನ ಮೇಲೆ ಚಿನ್ನ ಸ್ವಲ್ಪ ಹಸಿರಾಗಿ ಕಾಣುತ್ತದೆ.

ತಳದ ಬಣ್ಣ ಕನಿಷ್ಠ ಒಂದು ಪೂರ್ತಿ ದಿನ ಆರಲಿ. ಮುಟ್ಟಿದರೆ ಒಣಗಿದೆ ಅನ್ನಿಸಿದರೆ ಸಾಲದು. ನಾವು ಅದನ್ನು ಬಟ್ಟೆಯಿಂದ ತಿಕ್ಕಲಿದ್ದೇವೆ.

ಹಚ್ಚುವುದು, ಕಾಯುವುದು, ಉಜ್ಜುವುದು

ಮೊದಲು ಒಂದು ಪ್ಲಾಸ್ಟಿಕ್ ಚಮಚದ ಬೆನ್ನಿಗೆ ಅದೇ ಪ್ರೈಮರ್, ಅದೇ ಕಪ್ಪು ಹೊಡೆದು ಅದರ ಮೇಲೆ ಕೈ ಪಳಗಿಸಿಕೊಳ್ಳಿ. ಚಮಚದ ಉಬ್ಬು ಯೋಧನ ಎದೆಕವಚದ ಉಬ್ಬಿನ ಹಾಗೇ ಬೆಳಕು ಹಿಡಿಯುತ್ತದೆ.

ಟ್ಯೂಬಿನ ಮುಚ್ಚಳ ತೆಗೆಯುವ ಮುಂಚೆ ಅದನ್ನು ಬೆರಳುಗಳ ನಡುವೆ ಚೆನ್ನಾಗಿ ನಾದಿ. ನಿಂತಲ್ಲೇ ನಿಂತ ಟ್ಯೂಬಿನಲ್ಲಿ ದ್ರವ ಮೇಲೆ, ಪುಡಿ ಕೆಳಗೆ ಆಗಿರುತ್ತದೆ. ನಾದದೆ ಒತ್ತಿದರೆ ಮೊದಲು ಬರೀ ಎಣ್ಣೆಯಂಥ ನೀರು ಬರುತ್ತದೆ, ಉಳಿದದ್ದು ಗಟ್ಟಿಯಾಗಿ ಹಾಳಾಗುತ್ತದೆ. ಟೈಲ್ಸ್ ಮೇಲೆ ಅಕ್ಕಿಕಾಳಿನಷ್ಟು ಹಿಂಡಿ ತಕ್ಷಣ ಮುಚ್ಚಳ ಹಾಕಿ. ಆ ಅಕ್ಕಿಕಾಳು ಒಂದು ಇಡೀ ಎದೆಕವಚಕ್ಕೆ ಸಾಕು.

ಹಚ್ಚಲು ಮೂರು ದಾರಿಗಳಿವೆ. ಅಗಲವಾದ, ನಯವಾದ ಜಾಗಕ್ಕೆ ಬೆರಳೇ ಒಳ್ಳೆಯದು. ಗ್ಲೌಸ್ ಹಾಕಿಕೊಂಡು, ತುದಿಗೆ ಚೂರು ತೆಗೆದುಕೊಂಡು, ಮೊದಲು ಟೈಲ್ಸ್ ಮೇಲೆ ಒರೆಸಿ ಆಮೇಲೆ ಮಾಡೆಲ್ ಮೇಲೆ ತೇಲಿಸಿ. ಎದ್ದ ಜಾಗಕ್ಕೆ ಲೋಹ, ತಗ್ಗಿಗೆ ಕಪ್ಪು, ತಾನಾಗಿಯೇ ಆಗುತ್ತದೆ. ಸಣ್ಣ ಕೆತ್ತನೆ ಇರುವಲ್ಲಿ ಗಿಡ್ಡ ಕೂದಲಿನ ಬ್ರಶ್. ಅದನ್ನು ವ್ಯಾಕ್ಸ್‌ಗೆ ಮುಟ್ಟಿಸಿ, ಟಿಶ್ಯೂ ಮೇಲೆ ಬಹುಪಾಲು ಒರೆಸಿಬಿಟ್ಟು, ಉಳಿದದ್ದನ್ನು ಕುಟ್ಟಿದಂತೆ ಹಚ್ಚಿ. ಮೂರನೆಯದು ತೆಳುಮಾಡಿ ಬಳಿಯುವುದು: ವೈಟ್ ಸ್ಪಿರಿಟ್‌ನಲ್ಲಿ ಒದ್ದೆ ಮಾಡಿದ ಬ್ರಶ್‌ನಿಂದ ವ್ಯಾಕ್ಸನ್ನು ಹಾಲಿನ ಕೆನೆಯಷ್ಟು ಸಡಿಲ ಮಾಡಿ ಒಂದೇ ಎಳೆತಕ್ಕೆ ಬಳಿಯಬೇಕು. ಕತ್ತಿಯ ಹಿಡಿ, ಬೆಲ್ಟಿನ ಬಕಲ್ ಇಂಥಲ್ಲಿ ಇದು ಬೇಕಾಗುತ್ತದೆ. ಅದೇ ಜಾಗಕ್ಕೆ ಎರಡು ಸಲ ಬ್ರಶ್ ಓಡಿಸಿದರೆ ಮೊದಲನೆಯದು ಎದ್ದು ಬರುತ್ತದೆ.

ಈಗ ಬಿಟ್ಟುಬಿಡಿ. ಬೆರಳಲ್ಲಿ ತೆಳ್ಳಗೆ ಹಚ್ಚಿದ್ದು ಸುಮಾರು ಅರ್ಧ ಗಂಟೆಯಲ್ಲಿ ಉಜ್ಜಲು ತಯಾರಾಗುತ್ತದೆ. ಸ್ಪಿರಿಟ್ ಬೆರೆಸಿದ್ದಕ್ಕೆ ಇನ್ನೂ ಹೆಚ್ಚು ಬೇಕು. ಕಾಣದ ಮೂಲೆಯಲ್ಲಿ ಕಾಟನ್ ಬಡ್ ತಾಗಿಸಿ ನೋಡಿ. ಬಣ್ಣ ಪೂರ್ತಿ ಬಂದುಬಿಟ್ಟರೆ ಇನ್ನೂ ಹಸಿ. ಬಡ್‌ಗೆ ಬೂದು ಛಾಯೆಯಷ್ಟೇ ಹತ್ತಿ ಕೆಳಗಿನ ಜಾಗ ಮಿನುಗಿದರೆ ಸರಿಯಾದ ಹೊತ್ತು.

ಉಜ್ಜುವಾಗ ಭಾರ ಬೇಡ, ವೇಗ ಬೇಕು. ಬನಿಯನ್ ಬಟ್ಟೆಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿ, ಚಿಕ್ಕ ಚಿಕ್ಕ ಸುತ್ತುಗಳಲ್ಲಿ ತಿಕ್ಕಿ. ಸಂದಿಗಳಿಗೆ ಕಾಟನ್ ಬಡ್. ಕೊಳೆಯಾದ ಬಡ್ ಬಿಸಾಡಿ, ಹೊಸದು ತೆಗೆದುಕೊಳ್ಳಿ. ಎಷ್ಟು ಹೊತ್ತು ತಿಕ್ಕಬೇಕು ಅನ್ನುವುದು ನಿಮ್ಮ ಕೈಯಲ್ಲಿದೆ: ಸ್ವಲ್ಪ ಉಜ್ಜಿದರೆ ರೇಷ್ಮೆಯಂಥ ಉಕ್ಕು, ಇನ್ನಷ್ಟು ಉಜ್ಜಿದರೆ ಹೊಳೆಯುವ ಉಕ್ಕು. ಎಲ್ಲ ಕಡೆ ಒಂದೇ ಸಮ ಹೊಳಪಿಸುವುದು ನನಗೆ ಇಷ್ಟವಿಲ್ಲ. ಭುಜ, ಮೊಣಕಾಲು, ಶಿರಸ್ತ್ರಾಣದ ನೆತ್ತಿ ಮಿಂಚಲಿ, ತೊಡೆಯ ಹಿಂಭಾಗ ಮಂಕಾಗಿಯೇ ಇರಲಿ.

ಇನ್ನೂ ಬೇಕು ಅನ್ನಿಸಿದರೆ ಎರಡನೆಯ ಪದರ ಹಾಕಬಹುದು. ಆದರೆ ಮೊದಲನೆಯದು ರಾತ್ರಿಯಿಡೀ ಗಟ್ಟಿಯಾಗಲಿ. ಇಲ್ಲದಿದ್ದರೆ ಹೊಸ ಪದರದ ದ್ರಾವಕ ಹಳೆಯದನ್ನು ಕೆಡಿಸುತ್ತದೆ.

ಕೆಟ್ಟರೆ ಗಾಬರಿ ಬೇಡ. ಆಕ್ರಿಲಿಕ್ ಅಥವಾ ಲ್ಯಾಕರ್ ತಳ ಗಟ್ಟಿಯಾಗಿ ಕೂತಿದ್ದರೆ, ವೈಟ್ ಸ್ಪಿರಿಟ್‌ನಲ್ಲಿ ಅದ್ದಿದ ಬಡ್‌ನಿಂದ ಅಷ್ಟೂ ವ್ಯಾಕ್ಸ್ ಒರೆಸಿ ಮತ್ತೆ ಶುರು ಮಾಡಬಹುದು. ಈ ಸೌಲಭ್ಯ ಬೇರೆ ಯಾವ ಮೆಟಾಲಿಕ್ ಬಣ್ಣದಲ್ಲೂ ಇಷ್ಟು ಸಲೀಸಾಗಿಲ್ಲ.

ಒಂದು ಗಾಥಿಕ್ ಕವಚ, ಮೊದಲಿನಿಂದ ಕೊನೆಯವರೆಗೆ

ವ್ಯಾಕ್ಸ್‌ನ ಪೂರ್ತಿ ಬಲ ಗೊತ್ತಾಗುವುದು ಯುರೋಪಿನ ಮಧ್ಯಯುಗದ ಯೋಧರ ಮೇಲೆ. ಅದರಲ್ಲೂ 15ನೇ ಶತಮಾನದ ಕೊನೆಯ ಜರ್ಮನ್ ಗಾಥಿಕ್ ಕವಚ. ಆಗ್ಸ್‌ಬರ್ಗ್‌ನ ಲೊರೆಂಝ್ ಹೆಲ್ಮ್‌ಶ್ಮಿಡ್‌ನಂಥ ಕುಶಲಿಗಳು ಮ್ಯಾಕ್ಸಿಮಿಲಿಯನ್‌ನಂಥ ದೊರೆಗಳಿಗೆ ಮಾಡಿಕೊಟ್ಟ ಮಾದರಿ ಅದು. ತಗಡಿನ ತುಂಬ ಬೀಸಣಿಗೆಯಂತೆ ಹರಡಿದ ಉಬ್ಬುಗೆರೆಗಳು. ಅವು ಬರೀ ಅಂದಕ್ಕಲ್ಲ, ತೆಳು ತಗಡಿಗೆ ಬಿಗಿ ಕೊಡುತ್ತಿದ್ದವು. ಅದೇ ಕಾಲದ ಮಿಲಾನಿನ ಕವಚ ದುಂಡಗೆ, ನುಣ್ಣಗೆ ಇರುತ್ತದೆ. ಬೆರಳಲ್ಲಿ ಹಚ್ಚಲು ಅದು ಸುಲಭ, ಆದರೆ ಸಣ್ಣ ಗೀರನ್ನೂ ಅಡಗಿಸಿಡುವುದಿಲ್ಲ. ಹೊಸಬರು ಗಾಥಿಕ್ ಮಾಡುವುದೇ ಮೇಲು.

75 ಮಿ.ಮೀ. ಬೊಂಬೆಯನ್ನು ಪೂರ್ತಿ ಜೋಡಿಸಿಬಿಡಬೇಡಿ. ತಲೆ, ತೋಳು, ಕತ್ತಿ ಬೇರೆ ಬೇರೆ ಇರಲಿ. ಪ್ರತಿಯೊಂದನ್ನೂ ಪಿನ್ ಹಾಕಿ ಕಾರ್ಕ್‌ಗೆ ಚುಚ್ಚಿ, ಹಿಡಿಯಲು ಒಂದು ಹಿಡಿ ಆಗುತ್ತದೆ. ಪಿನ್ ಇರುವ ಜಾಗಕ್ಕೆ ವ್ಯಾಕ್ಸ್ ತಾಗದಂತೆ ನೋಡಿಕೊಳ್ಳಿ. ಮೇಣದ ಮೇಲೆ ಯಾವ ಅಂಟೂ ನಿಲ್ಲುವುದಿಲ್ಲ.

ಕೆಲಸದ ಕ್ರಮ ಬಹಳ ಮುಖ್ಯ. ಮುಖ, ಬಟ್ಟೆ, ಚರ್ಮದ ಪಟ್ಟಿಗಳು, ಎಲ್ಲವನ್ನೂ ಮೊದಲು ಮುಗಿಸಿ. ಅದಕ್ಕೆ ಮ್ಯಾಟ್ ವಾರ್ನಿಷ್ ಹಾಕಿ ಆರಲು ಬಿಡಿ. ಆಮೇಲೆ ಕವಚದ ಜಾಗಕ್ಕೆ ಮಾತ್ರ ಗ್ಲಾಸ್ ಕಪ್ಪನ್ನು ಬ್ರಶ್‌ನಿಂದ ಕೊಡಿ. ವ್ಯಾಕ್ಸ್ ಕೊನೆಗೆ. ಏಕೆಂದರೆ ವ್ಯಾಕ್ಸ್ ಮೇಲೆ ಆಕ್ರಿಲಿಕ್ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ, ಮಾಸ್ಕಿಂಗ್ ಟೇಪ್ ಅಂಟಿಸಿದರೆ ಕೀಳುವಾಗ ವ್ಯಾಕ್ಸನ್ನೂ ಎತ್ತಿಕೊಂಡು ಬರುತ್ತದೆ. ಪಕ್ಕದ ಬಟ್ಟೆಗೆ ವ್ಯಾಕ್ಸ್ ತಾಗಿದರೆ ವಾರ್ನಿಷ್ ಇರುವುದರಿಂದ ಒರೆಸಿಬಿಡಬಹುದು.

ಮೊದಲ ಸುತ್ತು ಗನ್‌ಮೆಟಲ್, ಇಡೀ ಕವಚಕ್ಕೆ, ತಗಡು ಸೇರುವ ಸಂದುಗಳನ್ನು ಬಿಟ್ಟು. ಆ ಸಂದಿನ ಕಪ್ಪೇ ನಿಮ್ಮ ನೆರಳು. ಉಜ್ಜಿ, ರಾತ್ರಿ ಬಿಟ್ಟು, ಮರುದಿನ ಮೇಲ್ಮುಖವಾಗಿರುವ ಭಾಗಗಳಿಗೆ ಸ್ಟೀಲ್. ಕೊನೆಗೆ ಉಬ್ಬುಗೆರೆಗಳ ನೆತ್ತಿಗೆ, ಮೊಣಕೈಯ ಚೂಪಿಗೆ ಮಾತ್ರ ಸಿಲ್ವರ್ ಲೀಫ್‌ನಂಥ ಅತಿ ಬಿಳಿ ಛಾಯೆ. ಇದನ್ನು ಬ್ರಶ್ಶಿನ ಪಕ್ಕದಿಂದ ಸವರಿದರೆ ಸಾಕು.

ಕಂಕುಳು, ಕುತ್ತಿಗೆಯಲ್ಲಿ ಕಾಣುವ ಸರಪಳಿ ಜಾಲರಿಯನ್ನು ಉಜ್ಜಬೇಡಿ. ಮ್ಯಾಟ್ ಕಪ್ಪಿನ ಮೇಲೆ ಗನ್‌ಮೆಟಲ್ಲನ್ನು ಒಣ ಬ್ರಶ್‌ನಿಂದ ತಾಗಿಸಿ ಬಿಟ್ಟುಬಿಡಿ. ತಗಡು ಹೊಳೆದು ಜಾಲರಿ ಮಂಕಾಗಿದ್ದರೆ ಮಾತ್ರ ಎರಡೂ ಬೇರೆ ಬೇರೆ ವಸ್ತು ಅಂತ ಕಣ್ಣಿಗೆ ಹೊಳೆಯುತ್ತದೆ. ಅಂಚಿನ ಹಿತ್ತಾಳೆ ಪಟ್ಟಿಗೆ ಕಂದು ತಳ, ಮೇಲೆ ಹಳೆ ಕಂಚು ಮತ್ತು ಚಿನ್ನದ ಮಿಶ್ರಣ, ತೆಳುಮಾಡಿ ಒಂದೇ ಎಳೆತಕ್ಕೆ.

ನೆರಳು ಇನ್ನೂ ಬೇಕು ಅನ್ನಿಸಿದರೆ? ಎನಾಮೆಲ್ ಅಥವಾ ಆಯಿಲ್ ವಾಶ್ (ಸಂದಿಗಳಿಗೆ ಇಳಿಯುವಂತೆ ತುಂಬಾ ತೆಳುಮಾಡಿದ ಬಣ್ಣ) ಕಡೆಗೆ ಕೈ ಹೋಗುತ್ತದೆ. ತಡೆಯಿರಿ. ಅದರ ಸ್ಪಿರಿಟ್ ವ್ಯಾಕ್ಸನ್ನು ತೊಳೆದುಬಿಡುತ್ತದೆ. ನೀರಿನ ಆಕ್ರಿಲಿಕ್ ವಾಶನ್ನು ಸಣ್ಣ ಬ್ರಶ್‌ನಿಂದ ಸಂದಿಗೆ ಮಾತ್ರ ಇಡಬಹುದು. ಮೇಣದ ಮೇಲೆ ಅದು ಹನಿಹನಿಯಾಗಿ ಒಡೆದರೆ ಒಂದು ಚೂರು ಪಾತ್ರೆ ಲಿಕ್ವಿಡ್ ಸೇರಿಸಿ.

ಜೋಡಿಸುವಾಗ ಫೆವಿಕ್ವಿಕ್‌ನಂಥ ಸೂಪರ್ ಗ್ಲೂ ಬೇಡ. ಅದರ ಆವಿ ಹೊಳೆಯುವ ಮೇಲ್ಮೈ ಮೇಲೆ ಬಿಳಿ ಮಂಜು ಬಿಡುತ್ತದೆ. ಅರಾಲ್ಡೈಟ್ ನಿಧಾನ, ಆದರೆ ಆ ಭಯವಿಲ್ಲ.

ಟ್ಯಾಂಕ್, ವಿಮಾನ

ಟ್ಯಾಂಕಿನಲ್ಲಿ ವ್ಯಾಕ್ಸ್‌ಗೆ ಇರುವುದು ಚಿಕ್ಕ ಪಾತ್ರ. ಆದರೆ ಮಾಡೆಲ್ ಜೀವಂತ ಕಾಣುವುದು ಅದರಿಂದಲೇ. 1:35ರ ಟಿ-55 ತೆಗೆದುಕೊಳ್ಳಿ. 1971ರ ಯುದ್ಧದಲ್ಲಿ ನಮ್ಮ ಸೇನೆ ಬಳಸಿದ ಟ್ಯಾಂಕ್ ಅದು. ಓಡುವ ಟ್ಯಾಂಕಿನ ಟ್ರ್ಯಾಕ್ ಎಲ್ಲೆಲ್ಲಿ ಸವೆಯುತ್ತದೆ ಅಂತ ಮೊದಲು ಯೋಚಿಸಿ. ನೆಲಕ್ಕೆ ತಾಗುವ ಉಬ್ಬುಗಳು, ಒಳಗಡೆ ಚಕ್ರ ಉರುಳುವ ದಾರಿ, ಹಲ್ಲುಚಕ್ರದ ಹಲ್ಲುಗಳು. ಇಷ್ಟೇ. ಉಳಿದದ್ದೆಲ್ಲ ತುಕ್ಕು, ಧೂಳು, ಮಣ್ಣು. ಆದ್ದರಿಂದ ತುಕ್ಕಿನ ಬಣ್ಣ, ವಾಶ್, ಪಿಗ್ಮೆಂಟ್ ಮಣ್ಣು ಎಲ್ಲ ಮುಗಿದು ಒಣಗಿದ ಮೇಲೆ, ಬೆರಳಿಗೆ ಸ್ಟೀಲ್ ತೆಗೆದುಕೊಂಡು ಟ್ರ್ಯಾಕ್ ಮೇಲೆ ಒಂದೇ ಸಲ ಎಳೆದುಬಿಡಿ. ಉಬ್ಬುಗಳು ಮಾತ್ರ ಹಿಡಿಯುತ್ತವೆ. ಉಜ್ಜುವ ಅಗತ್ಯವೂ ಹೆಚ್ಚಿಲ್ಲ. ನಿಂತಲ್ಲೇ ವರ್ಷಗಟ್ಟಲೆ ನಿಂತ ಸ್ಮಾರಕದ ಟ್ಯಾಂಕ್ ಮಾಡುತ್ತಿದ್ದರೆ ಈ ಹೊಳಪು ಬೇಡವೇ ಬೇಡ. ಅಲ್ಲಿ ಟ್ರ್ಯಾಕಿಗೂ ಬಣ್ಣವೇ ಬಳಿದಿರುತ್ತಾರೆ. ಫಿರಂಗಿಯ ನಳಿಗೆಗೂ ವ್ಯಾಕ್ಸ್ ಹಚ್ಚುವವರಿದ್ದಾರೆ. ಯಾಕೋ ಗೊತ್ತಿಲ್ಲ, ಅದಕ್ಕೂ ಬಣ್ಣವೇ ಇರುವುದು ಅಲ್ವಾ?

ವಿಮಾನಕ್ಕೆ ಬಂದರೆ, ಇಡೀ ಮೈಗೆ ವ್ಯಾಕ್ಸ್ ಹಚ್ಚಲು ಹೋಗಬೇಡಿ. ಬರಿಮೈ ಅಲ್ಯೂಮಿನಿಯಂ ಬಣ್ಣದ ಮಿಗ್-21 ಮಾಡುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಅದರ ಮೇಲೆ ಡೆಕಾಲ್ (ಅಂಟಿಸುವ ಗುರುತಿನ ಚಿತ್ರ) ಕೂರಬೇಕು, ಟೇಪ್ ಹಾಕಬೇಕು, ನೂರು ಸಲ ಕೈಯಲ್ಲಿ ಹಿಡಿಯಬೇಕು. ಮೇಣ ಈ ಯಾವುದನ್ನೂ ತಡೆದುಕೊಳ್ಳುವುದಿಲ್ಲ. ಅಲ್ಲಿ ಏರ್‌ಬ್ರಶ್‌ನಿಂದ ಆಲ್‌ಕ್ಲಾಡ್‌ನಂಥ ಲ್ಯಾಕರ್ ಮೆಟಾಲಿಕ್ಕೇ ಸರಿ. ವ್ಯಾಕ್ಸ್ ಬಳಸಬೇಕಾದದ್ದು ಹಿಂದಿನ ಎಕ್ಸಾಸ್ಟ್ ನಳಿಗೆಗೆ. ಗ್ಲಾಸ್ ಕಪ್ಪಿನ ಮೇಲೆ ಗನ್‌ಮೆಟಲ್ ಹಚ್ಚಿ ಉಜ್ಜಿ, ಅಲ್ಲಲ್ಲಿ ಸ್ಟೀಲ್ ತಾಗಿಸಿ, ಆಮೇಲೆ ತುಂಬಾ ತೆಳುವಾದ ಕಂದು, ನೀಲಿ ಆಕ್ರಿಲಿಕ್ ಇಂಕ್‌ನ ಒಂದೆರಡು ಉಂಗುರ ಎಳೆದರೆ ಬೆಂಕಿಯಲ್ಲಿ ಬೆಂದ ಲೋಹ ಸಿದ್ಧ. ಇಂಜಿನ್ ಭಾಗ ಬೇರೆಯಾಗಿ ಬರುವ ಕಿಟ್ ಆದರೆ ಇದನ್ನು ಮುಗಿಸಿ ಕೊನೆಗೆ ಕೂರಿಸಿ.

ಆಟಕ್ಕೆ ಬಳಸುವ 28 ಮಿ.ಮೀ. ಪುಟ್ಟ ಸೈನಿಕರಿಗೂ ವ್ಯಾಕ್ಸ್ ಬೇಡ ಅಂತಲೇ ಹೇಳುತ್ತೇನೆ. ದಿನಾ ಮುಟ್ಟುವ ವಸ್ತುವಿನ ಮೇಲೆ ಅದು ಬಾಳುವುದಿಲ್ಲ.

ವಾರ್ನಿಷ್ ಹಾಕಬೇಕೇ?

ಇದನ್ನು ಎಲ್ಲರೂ ಕೇಳುತ್ತಾರೆ. ಬೇಡ. ಮ್ಯಾಟ್ ವಾರ್ನಿಷ್ ಹಾಕಿದ ಕ್ಷಣ ಕಣಗಳ ಹೊಳಪು ಮುಚ್ಚಿಹೋಗಿ, ನೀವು ತಪ್ಪಿಸಿಕೊಂಡು ಬಂದ ಬೂದು ಬಣ್ಣವೇ ವಾಪಸ್ ಬರುತ್ತದೆ. ಲ್ಯಾಕರ್ ವಾರ್ನಿಷ್ ವ್ಯಾಕ್ಸನ್ನೇ ಕೆಡಿಸಬಹುದು. ತೀರಾ ಬೇಕೇ ಬೇಕು ಅಂದರೆ ಒಂದು ವಾರ ಬಿಟ್ಟು ಆಕ್ರಿಲಿಕ್ ಗ್ಲಾಸ್ ವಾರ್ನಿಷನ್ನು ಏರ್‌ಬ್ರಶ್‌ನಿಂದ ಮಂಜಿನಷ್ಟು ತೆಳ್ಳಗೆ, ಅದೂ ಮೊದಲು ಚಮಚದ ಮೇಲೆ ಹೊಡೆದು ನೋಡಿ. ಶೋಕೇಸಿನೊಳಗೆ ಇಡುವ ಮಾಡೆಲ್‌ಗೆ ಇದ್ಯಾವುದೂ ಬೇಕಾಗಿಲ್ಲ. ತಳದ ಮರದ ತುಂಡನ್ನೇ ಹಿಡಿದು ಎತ್ತುವ ಅಭ್ಯಾಸ ಮಾಡಿಕೊಳ್ಳಿ. ಅಂಚುಗಳು ಮಂಕಾದರೆ ಒಣ ಬಟ್ಟೆಯಿಂದ ಮತ್ತೆ ಒಂದು ನಿಮಿಷ ಉಜ್ಜಿದರೆ ಹೊಳಪು ಮರಳುತ್ತದೆ.

ಶೋಕೇಸ್ ಬಿಸಿಲು ಬೀಳುವ ಕಿಟಕಿಯ ಎದುರು ಬೇಡ. ಕಲಬುರಗಿ, ರಾಯಚೂರಿನಲ್ಲಿ ಬೇಸಿಗೆಯ ಬಿಸಿ 40 ಡಿಗ್ರಿ ದಾಟುತ್ತದೆ, ಗಾಜಿನ ಪೆಟ್ಟಿಗೆಯೊಳಗೆ ಇನ್ನೂ ಹೆಚ್ಚು. ಮೇಣ ಕರಗಿ ಹರಿಯುವುದಿಲ್ಲ, ಆದರೆ ಮೆತ್ತಗಾಗಿ ಧೂಳು ಹಿಡಿದುಕೊಳ್ಳುತ್ತದೆ. ಆ ಧೂಳನ್ನು ಒರೆಸಿದರೆ ಗೀರು ಬೀಳುತ್ತದೆ, ಮೇಕಪ್ ಬ್ರಶ್‌ನಿಂದ ತೂರಿಬಿಡಿ.

ಟ್ಯೂಬನ್ನು ಬಳಸಿದ ಮೇಲೆ ಬಾಯಿ ಒರೆಸಿ, ಮುಚ್ಚಳ ಬಿಗಿ ಮಾಡಿ, ಒಂದು ಜಿಪ್ ಕವರಿನಲ್ಲಿ ತಲೆಕೆಳಗಾಗಿ ನಿಲ್ಲಿಸಿ. ಒಣಗಿ ಪುಡಿಯಾದದ್ದನ್ನೂ ಬಿಸಾಡಬೇಡಿ. ಟೈಲ್ಸ್ ಮೇಲೆ ಹಾಕಿ ವೈಟ್ ಸ್ಪಿರಿಟ್ ಎರಡು ಹನಿ ಬಿಟ್ಟು ಚಾಕುವಿನಿಂದ ಅರೆದರೆ ಟ್ಯಾಂಕಿನ ಟ್ರ್ಯಾಕಿಗೆ ಧಾರಾಳವಾಗಿ ಸಾಲುತ್ತದೆ. ಸ್ಪಿರಿಟ್ ಹೀರಿದ ಬಟ್ಟೆ, ಬಡ್ಸ್‌ಗಳನ್ನು ಅಡುಗೆಮನೆಯ ಕಸದಬುಟ್ಟಿಗೆ ಹಾಕಬೇಡಿ. ಗ್ಯಾಸ್ ಒಲೆ, ದೇವರ ದೀಪದಿಂದ ದೂರ, ಹೊರಗಡೆ ಹರಡಿ ಒಣಗಿಸಿ ಆಮೇಲೆ ಬಿಸಾಡಿ. ಕಿಟಕಿ ತೆರೆದಿರಲಿ. ಊಟಕ್ಕೆ ಕೂರುವ ಮುಂಚೆ ಉಗುರಿನ ಸಂದಿಯನ್ನೂ ಸೋಪು ಹಾಕಿ ತಿಕ್ಕಿ ತೊಳೆಯಿರಿ, ಆ ಬೆಳ್ಳಿ ಪುಡಿ ಅಷ್ಟು ಸುಲಭವಾಗಿ ಬಿಟ್ಟುಹೋಗುವುದಿಲ್ಲ.